ಡಿಸೆಂಬರಿನಲ್ಲಿ ಬೆವರಿದ ಕಂಪ್ಯೂಟರ್

ನಮ್ಮನೆ ಕಂಪ್ಯೂಟರಿಗೆ ಈಗ ಏಳು ವರ್ಷ. ಕಳೆದ ಡಿಸೆಂಬರಿನಲ್ಲಿ ಅದಕ್ಕೊಂದು ಹೊಸ ಚಾಳಿ ಅಂಟಿಕೊಂಡಿತು. ಹೇಳದೆ ಕೇಳದೆ ಪಟ್ ಅಂತ ಆರಿಹೋಗಿ, ಏನೂ ಆಗಿಲ್ಲವೇನೋ ಅನ್ನುವ ಹಾಗೆ ತಾನೇ ಮತ್ತೆ ಆನ್ ಆಗುತ್ತಿತ್ತು. ಸುಮ್ನೆ ಹಾಡು ಕೇಳಿದರೆ ತೊಂದರೆ ಇಲ್ಲ. ರಾತ್ರಿ ಊಟ ಮುಗಿಸಿ ಮಗಳ ಸ್ಕೂಲ್ ಡೇ ವಿಡಿಯೊ ಜೋಡಿಸಲು ಕೂತರೆ ಮಾತ್ರ ಇಪ್ಪತ್ತನೇ ನಿಮಿಷಕ್ಕೆ ಪಟ್. ಕೆಲಸ ಜಾಸ್ತಿ ಇದ್ದ ದಿನವೇ ಜ್ವರ ಬರುವವರು ನಮ್ಮ ಆಫೀಸಿನಲ್ಲೂ ಇದ್ದಾರೆ, ಆದರೂ ಆಗ ನನಗೆ ಹೊಳೆಯಲಿಲ್ಲ.

ಮೊದಲು ಯುಪಿಎಸ್ ಮೇಲೆ ಅನುಮಾನ ಬಂತು. ಅದನ್ನು ಬಿಟ್ಟು ನೇರ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದೆ. ಪಟ್. ಆಮೇಲೆ ವೈರಸ್ ಇರಬಹುದು ಅಂತ ವಿಂಡೋಸನ್ನೇ ಅಳಿಸಿ ಹೊಸದಾಗಿ ಹಾಕಿದೆ. ಒಂದು ಭಾನುವಾರ ಪೂರ್ತಿ ಹೋಯಿತು, ಅದರ ಜೊತೆ ಹೆಂಡತಿ ಕೂಡಿಟ್ಟಿದ್ದ ಬ್ಲೌಸ್ ಡಿಸೈನುಗಳ ಫೋಲ್ಡರೂ ಹೋಯಿತು (ಆ ವಿಷಯ ಇಲ್ಲಿ ಬೇಡ). ಪಟ್ ಮಾತ್ರ ಹೋಗಲಿಲ್ಲ. ಕಂಪ್ಯೂಟರ್ ತನ್ನ ತಪ್ಪುಗಳನ್ನು ಬರೆದಿಡುವ ಈವೆಂಟ್ ವ್ಯೂವರ್ ತೆರೆದು ನೋಡಿದರೆ ಕೆಂಪು ಗುರುತು, ಕರ್ನಲ್-ಪವರ್ 41. ಅದರ ಅರ್ಥ, ಸರಿಯಾಗಿ ಶಟ್‌ಡೌನ್ ಆಗದೆ ರೀಸ್ಟಾರ್ಟ್ ಆಗಿದೆ ಅಂತ. ಅದನ್ನು ನಾನು ಎದುರಿಗೇ ಕೂತು ನೋಡಿದ್ದೆನಲ್ಲಪ್ಪಾ! ರಿಪೇರಿಯವನಿಗೆ ಫೋನ್ ಮಾಡಿದರೆ, ನೋಡುವ ಮೊದಲೇ, "ಮದರ್‌ಬೋರ್ಡ್ ಹೋಗಿದೆ ಸಾರ್, ಹೊಸದೇ ತಗೊಂಬಿಡಿ" ಅಂದ.

ಕೊನೆಗೆ ಆನ್ ಮಾಡುವಾಗಲೇ ಡಿಲೀಟ್ ಕೀ ಒತ್ತಿ, ವಿಂಡೋಸ್ ಏಳುವ ಮೊದಲಿನ ಸೆಟ್ಟಿಂಗ್ ಪರದೆಯಾದ ಬಯಾಸ್‌ಗೆ ಹೋದೆ. ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ 86 ಡಿಗ್ರಿ! ಅಲ್ಲಿ ಅದು 40-50ರ ಆಸುಪಾಸಿನಲ್ಲಿ ಇರಬೇಕು. 100ರ ಹತ್ತಿರ ಬಂದರೆ ಸುಟ್ಟುಹೋಗದಿರಲಿ ಅಂತ ತಾನೇ ಆರಿಬಿಡುತ್ತದೆ. ಬೆಂಗಳೂರಿನ ಚಳಿಗೆ ನಾನು ಸ್ವೆಟರ್ ಹಾಕಿ ಮುದುರಿ ಕೂತಿದ್ದರೆ ಇದು ಇಲ್ಲಿ ಬೇಯುತ್ತಿತ್ತು.

ಕ್ಯಾಬಿನೆಟ್ ಬಿಚ್ಚಿದೆ. ಫ್ಯಾನಿನ ಕೆಳಗಿನ, ಪ್ರೊಸೆಸರಿನ ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಮೇಲೆ ಧೂಳು ಕಂಬಳಿಯ ಹಾಗೆ ಹೆಪ್ಪುಗಟ್ಟಿತ್ತು. ಮೇಜಿನ ಪಕ್ಕದಲ್ಲೇ ದೇವರ ಗೂಡು, ಏಳು ವರ್ಷದ ಊದುಬತ್ತಿಯ ಹೊಗೆಯೂ ಸೇರಿ ಅದಕ್ಕೊಂದು ಪರಿಮಳ ಬೇರೆ. ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ಹಿಡಿದು, ಮಗಳ ಪೇಂಟಿಂಗ್ ಬ್ರಷ್ಷಿನಿಂದ ಕೆರೆದೆ. ಹೀಟ್‌ಸಿಂಕ್ ಎತ್ತಿದರೆ ಒಳಗೆ ಬಿಸಿಯನ್ನು ಅದಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ವಿಭೂತಿ ಆಗಿತ್ತು. ಹೊಸ ಪೇಸ್ಟನ್ನು ತೊಗರಿಬೇಳೆಯಷ್ಟು ಹಾಕಿದರೆ ಸಾಕು. ನಾನು ಬೆಣ್ಣೆ ದೋಸೆಗೆ ಹಾಕುವಷ್ಟು ಹಾಕಿ, ಒರೆಸಿ, ಮತ್ತೆ ಹಾಕಿದೆ. ಎಲ್ಲವನ್ನೂ ಪ್ರೊಸೆಸರಿಗೆ ಒತ್ತಿ ಹಿಡಿಯಲು ಫ್ಯಾನಿಗೆ ನಾಲ್ಕು ಪ್ಲಾಸ್ಟಿಕ್ ಕಾಲು. ಮೂರು ಟಕ್ ಅಂತ ಕೂತವು. ನಾಲ್ಕನೆಯದೂ ಕೂತ ಹಾಗೆ ಕಂಡಿತು. ಆನ್ ಮಾಡಿದರೆ 94! ರಿಪೇರಿಯವನು ಹೇಳಿದ್ದು ನಿಜ ಮಾಡಿಬಿಟ್ಟೆನೇ ಅಂತ ಎದೆ ಧಸಕ್ಕೆಂದಿತು. ಆರಿಸಿ, ಆ ನಾಲ್ಕನೇ ಕಾಲನ್ನು ಹೆಬ್ಬೆರಳು ಕೆಂಪಾಗುವಷ್ಟು ಒತ್ತಿದೆ. ಟಕ್. 46. ಮನೆಯವರನ್ನೆಲ್ಲ ಕರೆದು ಕಾಲಿನ ಕಥೆ ಎರಡೆರಡು ಸಲ ಹೇಳಿದೆ.

ಮರುದಿನ ರಾತ್ರಿ ಮತ್ತೆ ಪಟ್.

ತಲೆ ಕೆಟ್ಟು ಟಾರ್ಚ್ ಹಿಡಿದು ಮೇಜಿನ ಕೆಳಗೆ ತೂರಿದೆ. ಕ್ಯಾಬಿನೆಟ್ಟಿನ ಹಿಂಭಾಗಕ್ಕೆ, ಬಿಸಿಗಾಳಿ ಹೊರಬರುವ ಜಾಗಕ್ಕೇ ಒತ್ತಿಕೊಂಡು ಒಂದು ದೊಡ್ಡ ಸ್ಟೀಲ್ ಪಾತ್ರೆ, ಸುತ್ತ ಟವೆಲ್.

"ದೋಸೆ ಹಿಟ್ಟು ಕಣೋ," ಅಂದರು ಅಮ್ಮ. "ಚಳೀಲಿ ಹುದುಗೇ ಬರ್ತಿರ್ಲಿಲ್ಲ. ಇಲ್ಲಿಟ್ರೆ ಬೆಳಿಗ್ಗೆ ಹೊತ್ತಿಗೆ ಉಕ್ಕಿ ಬಂದಿರುತ್ತೆ. ತಿಂಗಳಿಂದ ಇಡ್ತಿದೀನಿ, ನೀನೂ ಹೊಗಳಿಕೊಂಡು ತಿಂದಿದ್ದೀಯ."

ತಿಂದಿದ್ದು ನಿಜ. ಪಾತ್ರೆ ಅಡುಗೆಮನೆಗೆ ವಾಪಸ್ ಹೋಯಿತು. ವಿಡಿಯೊ ಮುಗಿಯಿತು. ಕಂಪ್ಯೂಟರ್ ಈಗ ತಣ್ಣಗಿದೆ, ದೋಸೆ ರಟ್ಟಿನ ಹಾಗಿದೆ. ನಿನ್ನೆ ತಿಂಡಿ ಬಡಿಸುತ್ತಾ ಅಮ್ಮ ಮೆಲ್ಲಗೆ ಕೇಳಿದರು:

"ಆ ನಾಲ್ಕನೇ ಕಾಲು ಅಂದ್ಯಲ್ಲ, ಅದನ್ನ ಒಂಚೂರು ಸಡಿಲ ಮಾಡೋಕಾಗುತ್ತೇನೋ?"