ಸತ್ಯಾಂಶ: 1991ರಲ್ಲೇ ಕಬ್ಬಿನ ದರವೂ ಮಾರುಕಟ್ಟೆ ಪಾಲಾಯಿತೇ?

ಕಬ್ಬು ಅರೆಯುವ ಹಂಗಾಮು ಬಂತೆಂದರೆ ಮಂಡ್ಯದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತದೆ: 1991ರಲ್ಲಿ ಒಂದೇ ಏಟಿಗೆ ಎಲ್ಲ ನಿಯಂತ್ರಣ ಹೋಯಿತು, ಈಗ ಕಾರ್ಖಾನೆ ಹೇಳಿದ್ದೇ ದರ. ಇದು ಸರಿಯಲ್ಲ.

1991ರ ಆರ್ಥಿಕ ಸುಧಾರಣೆಯಲ್ಲಿ ಸಡಿಲವಾದದ್ದು ಮುಖ್ಯವಾಗಿ ಕೈಗಾರಿಕಾ ಲೈಸೆನ್ಸ್, ಆಮದು, ವಿದೇಶಿ ಬಂಡವಾಳ. ಕಾರ್ಖಾನೆಗಳು ಪಡಿತರಕ್ಕೆಂದು ಅಗ್ಗದಲ್ಲಿ ಕೊಡಬೇಕಿದ್ದ ಲೆವಿ ಸಕ್ಕರೆ ರದ್ದಾದದ್ದು 2013ರಲ್ಲಿ. ಅಲ್ಲಿಯವರೆಗೆ ಒಂದು ಪಾಲಿಗೆ ಸರ್ಕಾರದ ದರ, ಉಳಿದದ್ದಕ್ಕೆ ಪೇಟೆ ದರ. 1980ರ ದಶಕದಲ್ಲಿ ಚೀನಾ ಕೂಡ ಧಾನ್ಯಕ್ಕೆ, ಉಕ್ಕಿಗೆ ಇಂಥದೇ ಎರಡು ದರ ಇಟ್ಟಿತ್ತು. ಬಹುತೇಕ ಬೆಲೆಗಳನ್ನು ಒಮ್ಮೆಗೇ ಮಾರುಕಟ್ಟೆಗೆ ಬಿಟ್ಟದ್ದು ರಷ್ಯಾ, 1992ರ ಜನವರಿ 2ರಂದು. ಅಲ್ಲಿ ಬೆಲೆಗಳು ಆ ವರ್ಷವೇ ಹಲವು ಪಟ್ಟು ಏರಿದವು.

ಕಬ್ಬಿಗೆ ಇಂದಿಗೂ ಕೇಂದ್ರವೇ ಎಫ್‌ಆರ್‌ಪಿ (ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ದರ) ನಿಗದಿಮಾಡುತ್ತದೆ. 2025-26ಕ್ಕೆ ಶೇ 10.25 ಸಕ್ಕರೆ ಇಳುವರಿಗೆ (ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆಯ ಪಾಲು) ಕ್ವಿಂಟಲ್‌ಗೆ 355 ರೂ. ಅದರ ಮೇಲೆ ಪ್ರತಿ ಶೇ 0.1ಕ್ಕೆ 3.46 ರೂ. ಹೆಚ್ಚು. ಇಳುವರಿ ಶೇ 9.5ಕ್ಕಿಂತ ಕಡಿಮೆಯಾದರೂ 329.05 ರೂ.ಗಿಂತ ಕೆಳಗಿಳಿಯುವಂತಿಲ್ಲ. ಹಣ ಕೊಡಲು 14 ದಿನ ದಾಟಿದರೆ ವಾರ್ಷಿಕ ಶೇ 15 ಬಡ್ಡಿ.

ಹಾಗಿದ್ದರೂ ಗೊಂದಲ ಸಹಜ: ಇದು ಕಾರ್ಖಾನೆ ಬಾಗಿಲಿನ ದರ, ಕಟಾವು–ಸಾಗಣೆ ಕಳೆದ ಮೇಲೆ ಕೈಗೆ ಬರುವುದು ಕಡಿಮೆ.

ಇಂಥ ಸಂದೇಶ ಬಂದಾಗ ಅದು ಯಾವ ವರ್ಷದ ಆದೇಶ, ಯಾವ ಸರಕು, ರೈತನ ದರವೋ ಅಂಗಡಿ ದರವೋ ನೋಡಿ. ಆಮೇಲೆ ಬಿಲ್‌ನಲ್ಲಿ ತೂಕ, ಇಳುವರಿ, ಕಡಿತ ಮೂರನ್ನೂ ಬೇರೆ ಬೇರೆ ಲೆಕ್ಕಹಾಕಿ, ಆ ಸಾಲಿನ ಅಧಿಸೂಚನೆಯ ದರದೊಂದಿಗೆ ಹೋಲಿಸಿ.