ಹೃದಯಕ್ಕಾಗಿ ಮೆಲಟೋನಿನ್ ಗುಳಿಗೆ ತಗೋಬೇಕೇ?

ಪರ: ರಾತ್ರಿ ಬಿಪಿ ಇಳಿಯಲೇಬೇಕು

ನಮ್ಮಪ್ಪ ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ರೈಲ್ವೆ ರಾತ್ರಿ ಪಾಳಿ ಮಾಡಿದವರು. ನಿವೃತ್ತರಾಗಿ ಧಾರವಾಡದ ಮನೆಗೆ ಬಂದ ಮೇಲೂ ರಾತ್ರಿ ಎರಡರ ತನಕ ಕಣ್ಣು ಹತ್ತುತ್ತಿರಲಿಲ್ಲ. ಬಿಪಿಗೆ ಮೆಟೊಪ್ರೊಲಾಲ್ ತಪ್ಪದೇ ತಗೋತಿದ್ದರು. ದವಾಖಾನೆಯಲ್ಲಿ ನೋಡಿದಾಗೆಲ್ಲ 134, 136. ಎಲ್ಲ ಸರಿ ಇದೆ ಅಂತ ನಾವೂ ಸುಮ್ನಿದ್ದೆವು.

ಹೋದ ವರ್ಷ ಹೃದಯದ ಡಾಕ್ಟರು 24 ಗಂಟೆಯ ಬಿಪಿ ಯಂತ್ರ ಕಟ್ಟಿ ಕಳಿಸಿದರು. ತೋಳಿಗೆ ಪಟ್ಟಿ, ಸೊಂಟಕ್ಕೆ ಸಣ್ಣ ಡಬ್ಬಿ. ಅರ್ಧ ಗಂಟೆಗೊಮ್ಮೆ ಗುರ್ರ್ ಅಂತ ಪಟ್ಟಿ ಉಬ್ಬಿ ತೋಳು ಹಿಂಡುತ್ತಿತ್ತು, ಆಮೇಲೆ ಉಸ್ಸಂತ ಇಳಿಯುತ್ತಿತ್ತು. ನಾನು ಪಕ್ಕದಲ್ಲೇ ಮಲಗಿದ್ದೆ. ಪ್ರತಿ ಗುರ್ರ್‌ಗೂ ಅಪ್ಪ ಕೈ ಸರಿಸುತ್ತಿದ್ದರು, ನಾನು ಕಣ್ಣು ಬಿಡುತ್ತಿದ್ದೆ. ಮರುದಿನ ವರದಿ ನೋಡಿದರೆ ರಾತ್ರಿಯ ಸರಾಸರಿ 141. ಹಗಲಿಗಿಂತ ಜಾಸ್ತಿ!

ನಿದ್ದೆಯಲ್ಲಿ ಬಿಪಿ ಶೇ. 10ರಿಂದ 20ರಷ್ಟು ಇಳಿಯಬೇಕು. ಇಳಿಯದವರಿಗೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚು. ಹಗಲಿನ ಬಿಪಿ ಒಂದನ್ನೇ ನೋಡುತ್ತಾ ಕೂತರೆ ಇದು ಗೊತ್ತೇ ಆಗುವುದಿಲ್ಲ.

ಮೆಲಟೋನಿನ್ ಕತ್ತಲಾದ ಮೇಲೆ ನಮ್ಮ ಮಿದುಳಿನ ಪೀನಿಯಲ್ ಗ್ರಂಥಿಯೇ ಬಿಡುವ ಹಾರ್ಮೋನು. ಕಣ್ಣಿಗೆ ಬೆಳಕು ಬಿದ್ದರೆ ಅದು ಕಡಿಮೆಯಾಗುತ್ತದೆ. ಅಪ್ಪ ತಗೋತಿದ್ದ ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಗುಳಿಗೆಗಳೂ ಅದನ್ನು ತಗ್ಗಿಸುತ್ತವೆ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬಿಪಿ ಇದ್ದ 16 ಗಂಡಸರಿಗೆ ಮೂರು ವಾರ ದಿನಾ ರಾತ್ರಿ 2.5 ಮಿಲಿಗ್ರಾಂ ಕೊಟ್ಟರು. ನಿದ್ದೆಯ ಹೊತ್ತಿನ ಮೇಲಿನ ಬಿಪಿ 6 ಅಂಕ, ಕೆಳಗಿನದು 4 ಅಂಕ ಇಳಿಯಿತು. ಒಂದೇ ರಾತ್ರಿ ಕೊಟ್ಟಾಗ ಮಾತ್ರ ಏನೂ ಇಳಿಯಲಿಲ್ಲ. ಅಂದರೆ ದಿನಾ ತಪ್ಪದೇ ತಗೋಬೇಕು.

ಹಾರ್ಮೋನು ಅಂದ ಕೂಡಲೇ ಕೆಲವರು ವಿಷ ಅಂದಂತೆ ಬೆಚ್ಚುತ್ತಾರೆ. ನಮ್ಮ ಮೈಯಲ್ಲೇ ಹುಟ್ಟುವ ವಸ್ತುವಿಗೆ ಇಷ್ಟು ಹೆದರಿಕೆ ಯಾಕೆ? ಡಾಕ್ಟರು ಅಪ್ಪನಿಗೆ 3 ಮಿಲಿಗ್ರಾಂ ಬರೆದುಕೊಟ್ಟರು. ಎರಡು ತಿಂಗಳ ಮೇಲೆ ಮತ್ತೆ ಯಂತ್ರ ಕಟ್ಟಿದಾಗ ರಾತ್ರಿಯ ಸರಾಸರಿ 127. ಆ ರಾತ್ರಿ ಪಟ್ಟಿ ಗುರ್ರ್ ಅಂದರೂ ಅಪ್ಪ ಕೈ ಸರಿಸಲಿಲ್ಲ. ಗೊರಕೆ ಹೊಡೆಯುತ್ತಿದ್ದರು. ಪಕ್ಕದಲ್ಲಿ ಮಲಗಿ ಕೇಳಿದ ನನಗೆ ಇದಕ್ಕಿಂತ ದೊಡ್ಡ ಪುರಾವೆ ಬೇಡ.

ವಿರೋಧ: ಚೀಟಿ ಇಲ್ಲದೆ ಬೇಡ

ಗದಗದಲ್ಲಿ ನನ್ನದು ಔಷಧಿ ಅಂಗಡಿ. ವಿರೋಧವಾಗಿ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಡಾಕ್ಟರು ನೋಡಿ ಬರೆದುಕೊಟ್ಟ ಮೆಲಟೋನಿನ್ ಬಗ್ಗೆ ನನ್ನ ತಕರಾರಿಲ್ಲ. ನಿದ್ದೆ ಕೆಟ್ಟವರಿಗೆ ನಾಲ್ಕು ವಾರ ಕೊಟ್ಟರೆ ಉಪಯೋಗ ಇದೆ. ಆದರೆ ‘ಇದು ಹೃದಯಕ್ಕ ಛಲೋ ಅಂತ್ರಿ, ಎರಡು ಶೀಟ್ ಕೊಡ್ರಿ’ ಅಂತ ಬರುವವರು ಈಗ ಜಾಸ್ತಿ. ಗುಳಿಗೆ ನುಂಗಿದರೆ ವಾಕಿಂಗ್ ಬೇಡ, ಉಪ್ಪು ಕಡಿಮೆ ಮಾಡುವುದೂ ಬೇಡ ಅನ್ನುವ ಹಾಗೆ ಕೆಲವರು ಇದನ್ನು ಹೊಗಳುತ್ತಾರೆ. ಅದು ತಪ್ಪು.

2025ರ ನವೆಂಬರಿನಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಸಭೆಯಲ್ಲಿ ಒಂದು ವರದಿ ಬಂತು. ನಿದ್ರಾಹೀನತೆ ಇರುವ 1,30,828 ಜನರ ದಾಖಲೆ ನೋಡಿದ್ದರು. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಮೆಲಟೋನಿನ್ ತಗೊಂಡವರಲ್ಲಿ ಐದು ವರ್ಷದಲ್ಲಿ ಹೃದಯ ವೈಫಲ್ಯ ಶೇ. 4.6, ತಗೊಳ್ಳದವರಲ್ಲಿ ಶೇ. 2.7. ಗುಳಿಗೆಯಿಂದಲೇ ಹೀಗಾಯಿತು ಅಂತ ಇದರಿಂದ ಹೇಳಲು ಬರುವುದಿಲ್ಲ, ಒಪ್ಪುತ್ತೇನೆ. ಆದರೂ ಎಚ್ಚರ ಬೇಕಲ್ವಾ?

ಪ್ರಮಾಣದ್ದೂ ಭರವಸೆ ಇಲ್ಲ. 2017ರಲ್ಲಿ ಕೆನಡಾದವರು 31 ಬಗೆಯ ಮೆಲಟೋನಿನ್ ಪರೀಕ್ಷೆ ಮಾಡಿದರು. ಡಬ್ಬಿಯ ಮೇಲೆ ಬರೆದದ್ದಕ್ಕಿಂತ ಶೇ. 83 ಕಡಿಮೆ ಇದ್ದದ್ದೂ ಸಿಕ್ಕಿತು, ಶೇ. 478 ಹೆಚ್ಚು ಇದ್ದದ್ದೂ ಸಿಕ್ಕಿತು.

ನನಗೆ ನಿಜವಾಗಿ ಹೆದರಿಕೆ ಬೇರೆ ಗುಳಿಗೆ ಜೊತೆ ಸೇರಿಸಿ ನುಂಗುವುದರದ್ದು. ನಿಫೆಡಿಪಿನ್ ಅನ್ನುವ ಬಿಪಿ ಗುಳಿಗೆ ತಗೊಳ್ಳುವ ರೋಗಿಗಳಿಗೆ ನಾಲ್ಕು ವಾರ ಮೆಲಟೋನಿನ್ ಕೊಟ್ಟು ನೋಡಿದ 2000ದ ಅಧ್ಯಯನದಲ್ಲಿ ಬಿಪಿ ಇಳಿಯಲಿಲ್ಲ. ಸುಮಾರು 6 ಅಂಕ ಏರಿತು. ಮೊನ್ನೆ ಒಬ್ಬ ಅಜ್ಜ ಮೆಲಟೋನಿನ್ ಕೇಳಿದರು. ‘ಈಗ ಏನೇನು ತಗೋತೀರಿ, ಅಜ್ಜಾರ?’ ಅಂದೆ. ಜೇಬಿನಿಂದ ಮಡಚಿದ ಶೀಟ್ ತೆಗೆದರು. ಮೂರೇ ಗುಳಿಗೆ ಉಳಿದಿದ್ದವು. ನಿಫೆಡಿಪಿನ್. ಮೆಲಟೋನಿನ್ ಕೊಡಲಿಲ್ಲ, ಅವರ ಡಾಕ್ಟರಿಗೆ ಫೋನ್ ಹಚ್ಚಿಕೊಟ್ಟೆ.