ಟೀ ಕಪ್ಪಾಗಿದ್ದು ಪುಡಿಯಿಂದ ಅಲ್ಲ

ಹೋದ ವರ್ಷ ಫೆಬ್ರವರಿಯಲ್ಲಿ, ಕೊಡಗಿನ ಕಾಫಿ ತೋಟದ ನಮ್ಮ ಮನೆಯ ಟೀ ಕಪ್ಪಗಾಯಿತು. ಹಾಲು ಹಾಕಿದರೆ ಬೂದಿ ಬಣ್ಣ. ಅಮ್ಮ ಮೊದಲು ಟೀ ಪುಡಿಯನ್ನು ಬೈದರು, ಆಮೇಲೆ ಅದನ್ನು ತಂದ ನನ್ನನ್ನು. ಪುಡಿ ಬದಲಾಯಿಸಿದರೂ ಅದೇ ಕಥೆ. ಬಾವಿಯಿಂದ ಸೇದುವಾಗ ನೀರು ತಿಳಿಯಾಗಿಯೇ ಇರುತ್ತಿತ್ತು. ಬಕೆಟ್‌ನಲ್ಲಿ ಸಂಜೆವರೆಗೆ ಇಟ್ಟರೆ ಕೆಂಪು, ತಳದಲ್ಲಿ ತುಕ್ಕಿನಂಥ ಗಸಿ.

ಪರೀಕ್ಷೆಗೆ ಕೊಟ್ಟೆವು. "ಕಬ್ಬಿಣ ಜಾಸ್ತಿ ಇದೆ, ಫಿಲ್ಟರ್ ಹಾಕಿಸಿ" ಅಂದರು. ಸರಿ, ಆದರೆ ಅಜ್ಜನ ಕಾಲದ ಬಾವಿಗೆ ಈಗ ಕಬ್ಬಿಣ ಎಲ್ಲಿಂದ ಬಂತು?

ಬಾವಿಗಿಂತ ಸ್ವಲ್ಪ ಮೇಲೆ ನಮ್ಮ ಪಲ್ಪರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ, ನೀರಿನ ಗುಂಡಿ ಇದೆ. ಎರಡು ವರ್ಷದ ಹಿಂದೆ ಅಲ್ಲಿ ತೋಡಿಸಿದ್ದು ನಾನೇ. ಪೈಪಿನ ಖರ್ಚು ಉಳಿಯುತ್ತದೆ ಅಂತ. ಅರೇಬಿಕಾ ಕಾಫಿ ಹಣ್ಣು ಪಲ್ಪ್ ಮಾಡಿ ತೊಳೆದ ನೀರೆಲ್ಲ ಅದಕ್ಕೇ. "ಮಣ್ಣು ಸೋಸಿಕೊಳ್ಳುತ್ತೆ ಬಿಡಿ" ಅಂದಿದ್ದರು ತೋಟದ ಕೆಲಸ ನೋಡಿಕೊಳ್ಳುವ ನಮ್ಮ ರೈಟರ್. ನಾನೂ ಹೂಂ ಅಂದಿದ್ದೆ.

ಮಣ್ಣು ಸೋಸಿದ್ದು ನಿಜ. ಬಾವಿಗೆ ಪಲ್ಪರ್ ನೀರಿನ ಬಣ್ಣ ಬರಲಿಲ್ಲ, ಹುಳಿ ವಾಸನೆ ಬರಲಿಲ್ಲ. ಆ ನೀರಿನಲ್ಲಿ ಹಣ್ಣಿನ ಸಕ್ಕರೆ, ಲೋಳೆ ತುಂಬಿರುತ್ತದೆ. ಮಣ್ಣಿನ ಬ್ಯಾಕ್ಟೀರಿಯಾಗಳಿಗೆ ಅದು ಮದುವೆ ಊಟ. ತಿನ್ನುತ್ತಾ ತಿನ್ನುತ್ತಾ ಅಂತರ್ಜಲದಲ್ಲಿದ್ದ ಆಮ್ಲಜನಕವನ್ನು ಮುಗಿಸಿಬಿಡುತ್ತವೆ. ಆಮೇಲೂ ಕೆಲವು ಜಾತಿಯವು ಸುಮ್ನೆ ಕೂರುವುದಿಲ್ಲ. ಆಮ್ಲಜನಕದ ಬದಲು ನೈಟ್ರೇಟ್ ಬಳಸುತ್ತವೆ, ಅದೂ ಮುಗಿದರೆ ಮ್ಯಾಂಗನೀಸ್, ಕಬ್ಬಿಣ. ನಮ್ಮ ಕೆಂಪು ಮಣ್ಣಿನ ಕೆಂಪೇ ಕಬ್ಬಿಣದ ತುಕ್ಕು ಅಲ್ವಾ? ಅದು ಕರಗಿ, ಬಣ್ಣವಿಲ್ಲದೆ ಬಾವಿಗೆ ಇಳಿಯುತ್ತದೆ. ಗಾಳಿ ತಾಗಿದಾಗ ಮತ್ತೆ ಕೆಂಪಾಗುತ್ತದೆ. ಟೀಯಲ್ಲಿರುವ ಒಗರಿನ ಜೊತೆ ಸೇರಿದರೆ ಕಪ್ಪು.

ಅಂದರೆ ನಾನು ಗುಂಡಿಗೆ ಬಿಟ್ಟದ್ದು ಒಂದು, ಅಮ್ಮನ ಲೋಟಕ್ಕೆ ಬಂದದ್ದು ಇನ್ನೊಂದು. ಪರೀಕ್ಷೆಯ ಚೀಟಿಯಲ್ಲಿ ಕಾಫಿಯ ಹೆಸರೇ ಇರಲಿಲ್ಲ.

ರಸಾಯನಶಾಸ್ತ್ರದವರು ಹಣ್ಣಿನ ಸಕ್ಕರೆ, ಲೋಳೆಯಂಥ ಇಂಗಾಲದ ವಸ್ತುಗಳಿಗೂ 'ಸಾವಯವ' ಅನ್ನುತ್ತಾರೆ. ನಮ್ಮಲ್ಲಿ ಆ ಪದ ಬೋರ್ಡಿನ ಮೇಲಿದ್ದರೆ ಕಾಳುಮೆಣಸಿಗೆ ಹತ್ತು ರೂಪಾಯಿ ಹೆಚ್ಚು ಸಿಗುತ್ತದೆ. ಅವರ ಲೆಕ್ಕದಲ್ಲಿ ಡೀಸೆಲ್ ಕೂಡ ಸಾವಯವ, ಲಿಂಡೇನ್ ಅನ್ನುವ ಕೀಟನಾಶಕ ಕೂಡ.

ಲಿಂಡೇನ್ ನೆನಪಿದೆಯಾ? ಕಾಂಡಕೊರಕ ಹುಳುವಿಗೆ ಅಂತ ಅರೇಬಿಕಾ ಗಿಡದ ಕಾಂಡಕ್ಕೆ ಬಳಿಯುತ್ತಿದ್ದೆವು. 2013ರಿಂದ ದೇಶದಲ್ಲಿ ಅದರ ಬಳಕೆಗೇ ನಿಷೇಧ. ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮೈಕ್ರೋಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಲೆಕ್ಕ ಹಾಕಿ: ಒಂದೇ ಒಂದು ಗ್ರಾಂ, ಐದು ಲಕ್ಷ ಲೀಟರ್ ನೀರನ್ನು ಆ ಗೆರೆಗೆ ತಂದು ನಿಲ್ಲಿಸುತ್ತದೆ. ಅದರ ಜಾಗಕ್ಕೆ ಬಂದ ಕ್ಲೋರ್‌ಪೈರಿಫಾಸ್ ನೀರಲ್ಲಿ ಅಷ್ಟಾಗಿ ಕರಗುವುದಿಲ್ಲ, ತೋಟದ ತರಗೆಲೆ ಗೊಬ್ಬರಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಒಳ್ಳೆಯದೇ. ಆದರೆ ಅದು ಒಡೆದಾಗ ಹುಟ್ಟುವ ಟಿಸಿಪಿ ಅನ್ನುವುದು ತಾಯಿಗಿಂತ ಚೆನ್ನಾಗಿ ನೀರಲ್ಲಿ ಕರಗಿ, ಜಾಸ್ತಿ ದೂರ ಹೋಗುತ್ತದೆ. ಔಷಧಿ 'ಕರಗಿ ಹೋಯ್ತು' ಅಂದಾಗ ನಾನೀಗ ಕೇಳುವುದು, ಏನಾಗಿ ಹೋಯ್ತು ಅಂತ.

ನೆಲದೊಳಗೆ ಹೀಗೆ ಒಂದು ಇನ್ನೊಂದಾಗುವುದನ್ನು ವರ್ಷಗಟ್ಟಲೆ ಕೂತು ನೋಡಿದವರಿದ್ದಾರೆ. ಅಮೆರಿಕದ ಮಿನ್ನೆಸೋಟದಲ್ಲಿ, ಬೆಮಿಡ್ಜಿ ಅನ್ನುವ ಊರಿನ ಹತ್ತಿರ 1979ರಲ್ಲಿ ಕಚ್ಚಾ ತೈಲದ ಪೈಪ್ ಒಡೆಯಿತು. 1983ರಿಂದ ಅಲ್ಲಿನ ಭೂವಿಜ್ಞಾನ ಇಲಾಖೆ ಆ ಜಾಗವನ್ನೇ ಪ್ರಯೋಗಶಾಲೆ ಮಾಡಿಕೊಂಡಿತು. ಬ್ಯಾಕ್ಟೀರಿಯಾಗಳು ತೈಲದಲ್ಲಿರುವ ಬೆಂಜೀನ್ ಅನ್ನುವ ವಿಷವನ್ನು ತಿಂದು ಅದರ ಓಟಕ್ಕೆ ತಡೆ ಹಾಕಿದವು. ಅಲ್ಲೂ ಆಮ್ಲಜನಕ ಮುಗಿದ ಮೇಲೆ ಕೆಲಸಕ್ಕೆ ಬಂದದ್ದು ಮಣ್ಣಿನ ಕಬ್ಬಿಣವೇ. ಅರ್ಧಂಬರ್ಧ ತಿಂದು ಬಿಟ್ಟ ಚೂರುಗಳು ಮಾತ್ರ ಬೆಂಜೀನಿಗಿಂತ ಮುಂದೆ ಹೋಗಿದ್ದವು.

ಅಲ್ಲಿ ಮರಳು ನೆಲ. ನೀರು ಮೆಲ್ಲಗೆ, ಒಂದೇ ದಿಕ್ಕಿಗೆ ಹೋಗುತ್ತದೆ. ಕೊಡಗಿನಲ್ಲಿ ಮೇಲೆ ಮಣ್ಣು, ಕೆಳಗೆ ಬಿರುಕು ಬಿಟ್ಟ ಬಂಡೆ. ಒಮ್ಮೆ ಬಿರುಕಿಗೆ ಇಳಿದರೆ ಸೋಸುವುದಕ್ಕೆ ಅಲ್ಲಿ ಮಣ್ಣೂ ಇಲ್ಲ, ಸಮಯವೂ ಇಲ್ಲ. ಯಾರ ಬೋರ್‌ವೆಲ್‌ನಲ್ಲಿ ಏಳುತ್ತದೋ ಹೇಳೋದು ಕಷ್ಟ.

ಹಾಗಾಗಿ "ನಮ್ಮ ನೀರು ಟೆಸ್ಟ್ ಮಾಡಿಸಿದ್ದೀವಿ" ಅನ್ನುವವರಿಗೆ ನನ್ನದೊಂದು ಪ್ರಶ್ನೆ: ಯಾವುದಕ್ಕೆ? ಗಡಸುತನ, ಕಬ್ಬಿಣ, ನೈಟ್ರೇಟ್ ನೋಡಿದ ಚೀಟಿಯಲ್ಲಿ ಕೀಟನಾಶಕ ಕಾಣುವುದಿಲ್ಲ. ಹೆಸರು ಹೇಳಿ ಕೇಳಬೇಕು, ಅದಕ್ಕೆ ಬೇರೆ ಯಂತ್ರ, ಬೇರೆ ದುಡ್ಡು. ತೋಟಕ್ಕೆ ಏನೇನು ಹೊಡೆದೆವು ಅಂತ ಬರೆದಿಟ್ಟುಕೊಂಡ ಪುಸ್ತಕ ಇದ್ದರೆ ಮಾತ್ರ ಕೇಳೋಕೂ ಆಗುತ್ತದೆ. ನನ್ನ ಹತ್ತಿರ ಮೂರು ವರ್ಷದ್ದು ಇದೆ. ಅಪ್ಪನ ಕಾಲದ್ದು ಯಾರ ಹತ್ತಿರವೂ ಇಲ್ಲ.

ಫಿಲ್ಟರ್ ಹಾಕಿಸಲಿಲ್ಲ. ಗುಂಡಿಯನ್ನು ಗದ್ದೆ ಕಡೆಗೆ ಇಳಿಸೋಣ ಅಂತ ಹೊರಟೆ. ಜಾಗ ಗುರುತು ಮಾಡಿ, ಗೂಟ ಹೊಡೆಯುವಾಗ ಕೆಳಗಿನ ಮನೆಯ ಅಕ್ಕ ಬಟ್ಟೆ ಒಗೆಯುತ್ತಿದ್ದವರು ತಲೆ ಎತ್ತಿ ಕೇಳಿದರು: "ಏನಣ್ಣಾ ಅಲ್ಲಿ, ಗುಂಡಿಯಾ?" ಅವರ ಬಾವಿ ಅಲ್ಲಿಂದ ಕಾಣುತ್ತದೆ. ಗೂಟ ಕಿತ್ತುಕೊಂಡು ಬಂದೆ. ಈಗ ಕಡಿಮೆ ನೀರು ಕುಡಿಯುವ ಪಲ್ಪರ್‌ಗೂ, ಗುಂಡಿಯ ತಳಕ್ಕೆ ಸಿಮೆಂಟ್ ಹಾಕಿಸುವುದಕ್ಕೂ ರೇಟು ವಿಚಾರಿಸುತ್ತಿದ್ದೇನೆ. ಹಾಕಿಸಿದವರು ಇದ್ದರೆ ಖರ್ಚು ಎಷ್ಟಾಯ್ತು ಹೇಳಿ.